ಗುಣಪಾಲ ನಿಲ್ಲುವ ಜಾಗ

ಗುಣಪಾಲ ಚೆಂಡನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಗೆರೆ ದಾಟಿ ಉರುಳಿದ ಚೆಂಡನ್ನು ಎತ್ತಿಕೊಡಿ ಎಂದು ಯಾರಾದರೂ ಕೂಗಿದರೆ, "ನಾನೇನು ಗೋಲ್‌ಕೀಪರಾ ಮಾರಾಯ?" ಎಂದು ನಗುತ್ತಿದ್ದ. ಬೂಟಿನ ತುದಿಯನ್ನು ಚೆಂಡಿನ ಅಡಿಗೆ ತೂರಿಸಿ ಮೇಲಕ್ಕೆ ಚಿಮ್ಮಿಸುವುದು, ತೊಡೆಯ ಮೇಲೆ ಒಮ್ಮೆ ಕುಣಿಸುವುದು, ಭುಜಕ್ಕೇರಿಸಿ ಅಲ್ಲಿಂದ ಜಾರಿಸಿ ಮತ್ತೆ ಕಾಲಿಗೆ ಇಳಿಸಿಕೊಳ್ಳುವುದು. ಡೊಂಬಿವಲಿಯ ರೈಲು ಹಳಿಯ ಪಕ್ಕದ ಆ ಮೈದಾನದ ಗೋಡೆಯ ಮೇಲೆ ದಿನಾ ಸಂಜೆ ಜನ ಸಾಲಾಗಿ ಕೂರುತ್ತಿದ್ದರು. ಕೆಲಸ ಮುಗಿಸಿ ಬಂದವರು, ಕೆಲಸವೇ ಇಲ್ಲದವರು. ಅವರೆಲ್ಲ "ವಾ ಉಸ್ತಾದ್!" ಎಂದು ಸಿಳ್ಳೆ ಹೊಡೆಯುತ್ತಿದ್ದರು. ಸಿಳ್ಳೆ ಕೇಳಿದ ಮೇಲೇ ಗುಣಪಾಲನ ಚೆಂಡು ಮೈದಾನಕ್ಕೆ ಮರಳುತ್ತಿದ್ದದ್ದು.

ಅವನು ಅಲ್ಲಿಗೆ ಬಂದದ್ದು ಕಾಲೇಜು ಹುಡುಗರಿಗೆ ಫುಟ್‌ಬಾಲ್ ಕಲಿಸಲಿಕ್ಕೆ.

ಎಪ್ಪತ್ತರ ದಶಕದಲ್ಲಿ ಮುಂಬಯಿಯ ಒಂದು ಬಟ್ಟೆ ಗಿರಣಿಯ ತಂಡಕ್ಕೆ ಗುಣಪಾಲ ಸೆಂಟರ್ ಫಾರ್ವರ್ಡ್ ಆಗಿದ್ದ. ಕೂಪರೇಜ್ ಮೈದಾನದಲ್ಲಿ ಅವನ ಆಟವಿದ್ದರೆ ಗಿರಣಿಯ ಪಾಳಿಯೇ ಬದಲಾಗುತ್ತಿತ್ತು ಎಂದು ಹೇಳುವವರಿದ್ದರು. ಸುಳ್ಳೇ ಇರಬಹುದು, ಆದರೆ ಅಂಥ ಸುಳ್ಳು ಸುಮ್ಮನೆ ಯಾರ ಮೇಲೂ ಹುಟ್ಟುವುದಿಲ್ಲ. ಆಮೇಲೆ ಬಲ ಮೊಣಕಾಲು ಕೈಕೊಟ್ಟಿತು. ಆಮೇಲೆ ಎಂಬತ್ತೆರಡರಲ್ಲಿ ಮುಷ್ಕರ ಬಂದು ಗಿರಣಿಯ ಬಾಗಿಲೇ ಮುಚ್ಚಿತು. ಹೆಂಡತಿ ವಿನೋದಾಳ ಅಣ್ಣ ಮುಂಡಪ್ಪ ಡೊಂಬಿವಲಿ ಸ್ಟೇಷನ್ನಿನ ಎದುರು ಹೋಟೆಲು ಇಟ್ಟಿದ್ದ; ಗುಣಪಾಲ ಅಲ್ಲಿ ಕೆಲಸಕ್ಕೆ ನಿಂತ. ಮುಂಡಪ್ಪ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ, ದೇವರ ಪಟದ ಪಕ್ಕ, ಪೇಪರಿನಲ್ಲಿ ಬಂದ ಒಂದು ಫೋಟೋಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದ. ಅಂಗಾತ ಗಾಳಿಯಲ್ಲಿ ತೇಲುತ್ತ ಚೆಂಡು ಒದೆಯುತ್ತಿರುವ ಗುಣಪಾಲ. ದಿನಾ ಬೆಳಿಗ್ಗೆ ಇಡ್ಲಿ ತಿನ್ನಲು ಬರುತ್ತಿದ್ದ ಕಾಲೇಜಿನ ಪ್ರಿನ್ಸಿಪಾಲರು ಒಂದು ದಿನ ಆ ಫೋಟೋ ನೋಡಿದರು, ಎದುರಿಗೆ ನೀರಿನ ಲೋಟ ಇಡುತ್ತಿದ್ದವನ ಮುಖ ನೋಡಿದರು. ಕೋಚ್ ಆಗಿ ನೇಮಕವಾದದ್ದು ಹಾಗೆ. ಕಲಿಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಫೋಟೋ ಇದ್ದ ಮೇಲೆ ಕೇಳುವುದೇನು?

ಗುಣಪಾಲನ ಕಲಿಸುವ ರೀತಿ ಒಂದೇ. ಹುಡುಗರನ್ನು ಎರಡು ಪಾರ್ಟಿ ಮಾಡುವುದು, ಒಂದರಲ್ಲಿ ತಾನು ಆಡುವುದು. ಕಾಲು ಓಡಲು ಒಪ್ಪುತ್ತಿರಲಿಲ್ಲವಾದ್ದರಿಂದ ಎದುರು ಗೋಲಿನ ಹತ್ತಿರ, ಪೆನಲ್ಟಿ ಪೆಟ್ಟಿಗೆಯ ಎಡಮೂಲೆಯಿಂದ ಸ್ವಲ್ಪ ಒಳಗೆ, ಗೂಟ ಹೊಡೆದ ಹಾಗೆ ನಿಲ್ಲುತ್ತಿದ್ದ. "ಇಲ್ಲಿ ಕೊಡಿ" ಎನ್ನುತ್ತಿದ್ದ. ಹುಡುಗರು ಓಡಿ, ಬಿದ್ದು, ಕೆಸರಲ್ಲಿ ಹೊರಳಿ ಚೆಂಡನ್ನು ಅಲ್ಲಿಗೆ ತಲುಪಿಸುತ್ತಿದ್ದರು. ಗುಣಪಾಲ ಒಂದು ಮಗ್ಗುಲಿಗೆ ಬಾಗಿದಂತೆ ಮಾಡಿ ಇನ್ನೊಂದು ಮಗ್ಗುಲಿಗೆ ತಿರುಗಿ ಹೊಡೆಯುತ್ತಿದ್ದ. ಗೋಲು. ಸಿಳ್ಳೆ. ಅವನಿದ್ದ ಪಾರ್ಟಿ ಸೋತದ್ದನ್ನು ಕಂಡವರಿಲ್ಲ.

ತಂಡದಲ್ಲಿ ಕನ್ನಡ ಬಲ್ಲ ಹುಡುಗ ಒಬ್ಬನೇ. ಸಿದ್ರಾಮ. ಕಲಬುರಗಿ ಕಡೆಯವನು. ಅವನಪ್ಪ ಮಾಪಣ್ಣ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಸಿದ್ರಾಮ ಹೆಸರಿಗೆ ತಂಡದ ಸೆಂಟರ್ ಫಾರ್ವರ್ಡ್. ಆದರೆ ಅಭ್ಯಾಸದಲ್ಲಿ ಆ ಜಾಗದಲ್ಲಿ ಗುಣಪಾಲನೇ ನಿಂತಿರುತ್ತಿದ್ದುದರಿಂದ ಇವನು ಪಕ್ಕದಲ್ಲಿ ಓಡಿ ಓಡಿ ಚೆಂಡು ಒದಗಿಸಬೇಕಿತ್ತು. "ಪಂದ್ಯದ ದಿನ ನೀನೇ ಅಲ್ವಾ? ಈಗ ನನ್ನನ್ನು ನೋಡಿ ಕಲಿ" ಎಂದಿದ್ದ ಗುಣಪಾಲ.

ನೋಡಿ ಕಲಿಯುವುದು ಸಿದ್ರಾಮನಿಗೆ ಸಾಲುತ್ತಿರಲಿಲ್ಲ.

"ಸರ್, ಈಗ ತಿರುಗಿದ್ರಲ್ಲ, ಅದು ಹ್ಯಾಂಗ್ ಮಾಡಿದ್ರಿ?"

"ಹೀಗೆ."

"ಹೀಂಗಂದ್ರ ಹ್ಯಾಂಗ್ರಿ? ಮೊದಲ ಭಾರ ಯಾವ ಕಾಲ್ ಮ್ಯಾಲ? ಕಣ್ಣು ಎತ್ತ ಇರ್ಬೇಕು, ಚೆಂಡಿನ ಮ್ಯಾಲೋ, ಎದುರಿನಾಂವನ ಮ್ಯಾಲೋ?"

ಗುಣಪಾಲ ಯೋಚಿಸಿದ. ಯಾವ ಕಾಲು? ಕಣ್ಣು ಎತ್ತ? ಅವನಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಕೆಲಸ ಮಾಡಿದ್ದು ಕಾಲು. ತಲೆಗೆ ಅದು ವರದಿ ಒಪ್ಪಿಸಿರಲಿಲ್ಲ. "ಕಾಣು, ಇನ್ನೊಮ್ಮೆ ತೋರಿಸ್ತೇನೆ" ಎಂದು ಮತ್ತೆ ತಿರುಗಿ ಹೊಡೆದ. ಮರಾಠಿ ಹುಡುಗರು "ಸರ್, ಪುನ್ಹಾ, ಪುನ್ಹಾ!" ಎಂದು ಕುಣಿದರು. ಮತ್ತೂ ಒಮ್ಮೆ ಹೊಡೆದ. ಸಿದ್ರಾಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ಉತ್ತರ ಸಿಗದವನ ಹಾಗೆ ನಿಂತೇ ಇದ್ದ.

ಶ್ರಾವಣ ಹತ್ತಿರ ಬಂದಾಗ ಮಾಪಣ್ಣ ಒಂದು ಸಂಜೆ ಮೈದಾನಕ್ಕೆ ಬಂದ. ತಲೆಯ ಮೇಲೆ ಗೋಣಿತಾಟು ಮಡಿಸಿ ಹೊದ್ದಿದ್ದ. ಮಳೆಗೂ ಅದೇ, ಮೂಟೆಗೂ ಅದೇ. ಗೋಡೆಯಾಚೆಯೇ ನಿಂತು ಕೈಮುಗಿದ.

"ಸರ, ಒಂದ್ ಮಾತು. ನಮ್ಮ ಹಮಾಲರ ಟೋಳ್ಯಾಗ ಒಂದು ಆಳಿನ ಜಾಗ ಖಾಲಿ ಆಗ್ಯಾದ. ಟೋಳಿ ನಡಸೋ ಮುಕಾದಮ ನಮ್ಮ ಹುಡುಗಂದೇ ಹೆಸರು ಹಿಡಿದು ಕುಂತಾನ. ಗಣಪತಿ ಕೂಡ್ರೂತನ ಕಾಯ್ತೀನಿ, ಆಮ್ಯಾಲ ಬ್ಯಾರೆಯವ್ರಿಗಿ ಕೊಡ್ತೀನಿ ಅಂತಾನ. ಇಂವ ನೋಡಿದ್ರ ಚೆಂಡು ಚೆಂಡು ಅಂತಾನ. ಚೆಂಡಿನಾಗ ಏನಾರ ಅದಾ ಏನ್ರಿ? ಇದ್ರ ಅದ ಅಂತ ಹೇಳ್ರಿ, ಇಲ್ಲಂದ್ರ ಇಲ್ಲ ಅಂತ ಹೇಳ್ರಿ. ನಾ ಮುಕಾದಮಗ ಹೇಳಿಬಿಡ್ತೀನಿ."

ಚೆಂಡಿನಲ್ಲಿ ಏನಿದೆ ಎಂದು ಗುಣಪಾಲನನ್ನೇ ಕೇಳುವುದೇ! ಅವನ ಗಿರಣಿ ಕೆಲಸ, ಮದುವೆ, ಚಾಳಿನ ಖೋಲಿ ಎಲ್ಲ ಬಂದದ್ದು ಚೆಂಡಿನಿಂದ. ಎದೆಯುಬ್ಬಿಸಿ ಹೇಳಿದ: "ಥಾಣೆಯಲ್ಲಿ ನಮ್ಮ ಪಂದ್ಯ ಉಂಟು. ಬೇಲಾಪುರ ರಸ್ತೆಯ ಔಷಧ ಕಂಪನಿಯ ಟೀಮಿಗೆ ಒಬ್ಬ ಫಾರ್ವರ್ಡ್ ಬೇಕಂತೆ. ಅವರ ಕೋಚ್ ನೋಡ್ಲಿಕ್ಕೆ ಬರ್ತಾನೆ. ವಸಂತಕುಮಾರ ಅಂತ, ನನ್ನ ಜೊತೆಯೇ ಆಡ್ತಿದ್ದವ. ಅವನ ಕಣ್ಣಿಗೆ ಬಿದ್ರೆ ನಿಮ್ಮ ಹುಡುಗನಿಗೆ ಕಂಪನಿಯಲ್ಲೇ ಕೆಲಸ. ನಾನು ಹೇಳ್ತಾ ಇದ್ದೇನೆ, ಕಾಯಿರಿ."

ಮಾಪಣ್ಣ ಮತ್ತೆ ಕೈಮುಗಿದು ಹೋದ. ಬಡವನ ನಂಬಿಕೆ ಎಷ್ಟು ಸುಲಭಕ್ಕೆ ಸಿಗುತ್ತದೆಂದರೆ, ಪಡೆದವನಿಗೆ ಅದರ ತೂಕವೇ ತಿಳಿಯುವುದಿಲ್ಲ.

'ಜೊತೆಯೇ ಆಡ್ತಿದ್ದವ' ಎಂಬುದೂ ಪೂರ್ತಿ ನಿಜವಲ್ಲ. ಗುಣಪಾಲ ಆಡುತ್ತಿದ್ದ, ವಸಂತಕುಮಾರ ಬೆಂಚಿನ ಮೇಲೆ ಕೂರುತ್ತಿದ್ದ. ಗುಣಪಾಲನಿಗೆ ಪೆಟ್ಟಾದರೆ ಇಳಿಯುವುದಕ್ಕೆಂದು ಇಟ್ಟುಕೊಂಡ ಆಳು, ಆ ಕಾಲದಲ್ಲಿ ಗುಣಪಾಲನಿಗೆ ಪೆಟ್ಟಾಗುತ್ತಿರಲಿಲ್ಲ.

ಥಾಣೆಯ ಪಂದ್ಯದ ದಿನ ಮಳೆ ನಿಂತಿತ್ತು, ಮೈದಾನ ಮಾತ್ರ ದೋಸೆ ಹಿಟ್ಟಿನಂತಿತ್ತು. ಗುಣಪಾಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೆರೆಯ ಆಚೆ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ವಸಂತಕುಮಾರ, ಕೊಡೆಯನ್ನು ಕಾಲುಗಳ ನಡುವೆ ಊರಿಕೊಂಡು.

ಆಟ ಶುರುವಾಯಿತು. ಹುಡುಗರು ಚೆನ್ನಾಗಿಯೇ ಓಡಿದರು. ನಡುವಿನಿಂದ ಚೆಂಡು ಕಸಿದು ಮುಂದೆ ತಂದರು, ಎದುರಿನವರನ್ನು ದಾಟಿದರು, ಗೋಲಿನ ಹತ್ತಿರ ಬಂದು ಅಚ್ಚುಕಟ್ಟಾಗಿ ಪಾಸು ಕೊಟ್ಟರು. ಯಾರಿಗೆ? ಅಲ್ಲಿ ಯಾರೂ ಇರಲಿಲ್ಲ. ಪೆನಲ್ಟಿ ಪೆಟ್ಟಿಗೆಯ ಎಡಮೂಲೆಯಿಂದ ಸ್ವಲ್ಪ ಒಳಗೆ ಚೆಂಡು ಒಂಟಿಯಾಗಿ ನಿಂತಿತು. ಎದುರಿನವನು ಸಾವಕಾಶ ಬಂದು ಒದ್ದು ಕಳಿಸಿದ.

ಮೊದಲ ಸಲ ತಪ್ಪಿರಬಹುದು ಅಂದುಕೊಂಡ ಗುಣಪಾಲ. ಎರಡನೆಯ ಸಲ ತಪ್ಪನ್ನು ಕೆಸರಿನ ಮೇಲೆ ಹಾಕಿದ. ಆಮೇಲೆ ಹಾಕಲು ಏನೂ ಉಳಿಯಲಿಲ್ಲ. ಬಲದಿಂದ ಬಂದವನೂ ಅಲ್ಲಿಗೇ ಕೊಟ್ಟ, ಎಡದಿಂದ ಬಂದವನೂ ಅಲ್ಲಿಗೇ ಕೊಟ್ಟ. ನೋಡುತ್ತಿದ್ದವರು ನಗತೊಡಗಿದರು. ಕೊನೆಗೆ ಸಿದ್ರಾಮ ಒಬ್ಬನೇ ಚೆಂಡಿನ ಜೊತೆ ನುಗ್ಗಿ ಬಂದ. ಗೋಲ್‌ಕೀಪರ್ ಮುಂದೆ ಓಡಿಬಂದು ಜಾರಿಬಿದ್ದ. ಎದುರಿಗೆ ತೆರೆದ ಗೋಲು, ಕುರುಡನೂ ಒದೆಯಬಹುದು. ಸಿದ್ರಾಮ ತಲೆಯೆತ್ತಿ ನೋಡಿ, ಚೆಂಡನ್ನು ಮೆಲ್ಲಗೆ ಎಡಕ್ಕೆ ತಳ್ಳಿದ. ಅದು ಹೋಗಿ ಅದೇ ಜಾಗದಲ್ಲಿ ನಿಂತಿತು.

ಅಷ್ಟು ಹೊತ್ತು ಸುಮ್ಮನಿದ್ದ ವಸಂತಕುಮಾರ ತುಳುವಿನಲ್ಲಿ ಅಂದ: "ಸತ್ತವರಿಗೆ ಎಲೆ ಹಾಕಿ ಅಗೆಲು ಬಡಿಸುವುದನ್ನು ಊರಲ್ಲಿ ಕಂಡಿದ್ದೇನೆ. ನಿನ್ನ ಮಕ್ಕಳು ಬದುಕಿದ್ದವನಿಗೇ ಬಡಿಸ್ತಾ ಇದ್ದಾರಲ್ಲ ಮಾರಾಯ! ಹೋಗು, ಎದ್ದು ಹೋಗಿ ಉಂಡು ಬಾ."

ತಂಡ ಸೋತಿತು. ವಸಂತಕುಮಾರ ಯಾರ ಹೆಸರನ್ನೂ ಕೇಳದೆ ಕೊಡೆ ಬೀಸುತ್ತ ಹೋದ.

ವಾಪಸು ಲೋಕಲಿನಲ್ಲಿ ಹುಡುಗರು ಬೂಟಿನ ಕೆಸರು ಕೆರೆಯುತ್ತ ಕೂತರು. ಸಿದ್ರಾಮ ಬಾಗಿಲಲ್ಲಿ ಕಂಬಿ ಹಿಡಿದು ನಿಂತಿದ್ದ. ಮುಂಬ್ರಾದ ಸುರಂಗ ದಾಟಿ ಕಡಲ ಖಾಡಿಯ ನೀರು ಕಂಡಾಗ ಗುಣಪಾಲ ಎದ್ದು ಅವನ ಹತ್ತಿರ ಹೋದ.

"ಗೋಲ್‌ಕೀಪರ್ ಬಿದ್ದಿದ್ದ. ಎದುರಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ. ಯಾಕೆ ಹೊಡೀಲಿಲ್ಲ?"

"ನಿಮಗ ಕೊಟ್ಟೆ."

"ಎಂತ?"

"ನಿಮಗ ಕೊಟ್ಟೆ ಅಂದೆನಲ್ರಿ. ಅಲ್ಲಿ ನೀವು ಇರ್ಲಿಲ್ಲ." ಸಿದ್ರಾಮ ನೀರನ್ನೇ ನೋಡುತ್ತಿದ್ದ. "ನಂಗ ಗೋಲ್ ಕಾಣ್ಲೇ ಇಲ್ಲ ಸರ್. ನಿಮ್ಮನ್ನ ಹುಡುಕ್ದೆ. ದಿನಾ ಅದೇ ಮಾಡಿದ್ದಲ್ಲ? ಕಾಲು ತಾನೇ ಹೋಯ್ತು."

"ಅಭ್ಯಾಸ ಬೇರೆ, ಪಂದ್ಯ ಬೇರೆ ಅಂತ ಅಷ್ಟೂ ಗೊತ್ತಾಗುದಿಲ್ವಾ?"

ಸಿದ್ರಾಮ ಈಗ ತಿರುಗಿದ. "ನಿಮಗ ಗೊತ್ತಾಗ್ಯಾದ ಏನ್ರಿ? ಸಂಜಿಗಿ ನೀವು ಆಡ್ಲಾಕ ಬರ್ತೀರಿ ಸರ್, ಕಲಸ್ಲಾಕ ಅಲ್ಲ. ಗ್ವಾಡಿ ಮ್ಯಾಲ ಕುಂತ ಮಂದಿ ಸಿಳ್ಳಿ ಹೊಡೀಬೇಕು, ಅದಕ್ಕ ಬರ್ತೀರಿ. ನಮ್ಮಪ್ಪ ಸಾವುಕಾರಂದು ಗೋಣಿ ಹೊರ್ತಾನ, ನಾವು ನಿಮ್ಮ ಚೆಂಡು ಹೊರ್ತೀವಿ. ಹಮಾಲಿ ಹಮಾಲೀನೇ. ಯಾರ್ಡಿನಾಗ ಮಾಡಿದ್ರ ಕೂಲಿಯಾದ್ರೂ ಸಿಗ್ತಾದ."

ಪಕ್ಕದಲ್ಲಿದ್ದ ಮರಾಠಿ ಹುಡುಗರಿಗೆ ಮಾತು ಅರ್ಥವಾಗದಿದ್ದರೂ ದನಿ ಅರ್ಥವಾಯಿತು. ಎಲ್ಲರೂ ಕಿಟಕಿಯಾಚೆ ನೋಡಿದರು. ಗುಣಪಾಲನ ಕೈ ಎದ್ದಿತ್ತು. ಕಂಬಿಯ ಮೇಲೆ ಇಟ್ಟುಕೊಂಡ. ಹೊಡೆಯಬಹುದಿತ್ತು. ಕೊಡಲು ಉತ್ತರ ಇಲ್ಲದವರೇ ಹೊಡೆಯುವುದು ಎಂದು ಅವನಿಗೆ ಆ ಹೊತ್ತಿನಲ್ಲೂ ತಿಳಿದದ್ದು ಅವನ ಪುಣ್ಯ.

ಭಾನುವಾರ ವಸಂತಕುಮಾರ ಮುಂಡಪ್ಪನ ಹೋಟೆಲಿಗೆ ಬಂದ. ಗುಣಪಾಲನೇ ಹೇಳಿಕಳಿಸಿದ್ದ. ಇಬ್ಬರೂ ಫೋಟೋದ ಎದುರಿನ ಮೇಜಿಗೇ ಕೂತರು. ಬೇರೆ ಮೇಜು ಖಾಲಿ ಇರಲಿಲ್ಲ.

"ಕಲ್ಯಾಣದಲ್ಲಿ ಇನ್ನೊಂದು ಪಂದ್ಯ ಉಂಟು ನಮ್ಮದು, ಗಣಪತಿಗೆ ಮೊದಲು. ಒಮ್ಮೆ ಬಾ."

"ಎಂತ ನೋಡ್ಲಿಕ್ಕೆ? ನಿನ್ನ ಅಗೆಲನ್ನಾ?"

"ತಮಾಷೆ ಸಾಕು. ನಿನ್ನ ಹುಡುಗರು ನಿನ್ನ ಮಾತು ಹೇಗೆ ಕೇಳ್ತಾರೆ? ನೀನೆಂತ ಮಾಡ್ತೀ?"

ವಸಂತಕುಮಾರ ಬನ್ಸ್ ಮುರಿದು ಚಟ್ನಿಗೆ ಅದ್ದಿದ. "ನಾನು ಮಾಡುವಂಥದ್ದು ಏನುಂಟು? ತೋರಿಸ್ಲಿಕ್ಕೆ ನನ್ನ ಹತ್ರ ಆಟವೇ ಇಲ್ಲ. ಅದಕ್ಕೆ ನೋಡ್ತೇನೆ. ಬೆಂಚಿನಲ್ಲಿ ಕೂತವನಿಗೆ ಬೇರೆ ಎಂತ ಕೆಲಸ? ನಿನ್ನ ಆಟ ನಿನಗಿಂತ ಹೆಚ್ಚು ನಾನು ನೋಡಿದ್ದೇನೆ. ತಿರುಗುವ ಮೊದಲು ನೀನು ಎಡ ಭುಜ ಕೆಳಗೆ ಬಿಡ್ತಿದ್ದೆ, ಗೊತ್ತುಂಟಾ?"

ಗೊತ್ತಿರಲಿಲ್ಲ. ಗುಣಪಾಲ ತನ್ನ ಎಡ ಭುಜವನ್ನು ಬೇರೆಯವರದೆಂಬಂತೆ ನೋಡಿಕೊಂಡ. ಅಸೂಯೆಯಾಯಿತು, ಅದಕ್ಕೇ ಚುಚ್ಚಿದ: "ದೊಡ್ಡ ಗುರು ನೀನು! ನಿನ್ನ ಟೀಮಿನಲ್ಲಿದ್ದ ಗೋವಾದ ಹುಡುಗನನ್ನು ಇಡೀ ಸೀಸನ್ನು ಬೆಂಚಿನಲ್ಲಿ ಕೊಳೆಸಿದ್ದು ನನಗೆ ಗೊತ್ತಿಲ್ಲ ಅಂತ ಮಾಡಿದ್ದೀಯಾ? ಎಷ್ಟು ಚಂದ ಆಡ್ತಿದ್ದ. ಯಾಕೆ ಕೂರಿಸಿದೆ?"

ವಸಂತಕುಮಾರ ಬನ್ಸಿನ ಚೂರನ್ನು ತಟ್ಟೆಗೆ ಹಾಕಿದ. ಗಲ್ಲಾಪೆಟ್ಟಿಗೆಯ ಹತ್ತಿರದಿಂದ ಮುಂಡಪ್ಪ, "ಭಾವ, ಚಾ ಕಳಿಸ್ಲಾ?" ಎಂದು ಕೂಗಿದ.

"ಅವನನ್ನು ಕಂಡ್ರೆ ನಿನ್ನ ನೆನಪಾಗ್ತಿತ್ತು" ಎಂದ ವಸಂತಕುಮಾರ. "ಆಯ್ತಲ್ಲ? ನೀನು ಆಡಿ ಕೆಡಿಸ್ತಾ ಇದ್ದಿ, ನಾನು ಕೂತು ಕೆಡಿಸಿದೆ. ದೊಡ್ಡ ಆಟಗಾರ, ಸಣ್ಣ ಆಟಗಾರ ಅಂತ ಏನೂ ಇಲ್ಲ ಮಾರಾಯ. ಒಬ್ಬನಿಗೆ ತನ್ನ ಆಟ ಮುಗಿದದ್ದು ಗೊತ್ತಾಗಬೇಕು, ಇನ್ನೊಬ್ಬನಿಗೆ ತನ್ನ ಆಟ ಶುರುವೇ ಆಗ್ಲಿಲ್ಲ ಅಂತ ಗೊತ್ತಾಗಬೇಕು. ಆಮೇಲೆ ಹುಡುಗರು ಕಣ್ಣಿಗೆ ಕಾಣ್ತಾರೆ." ಕೈ ತೊಳೆಯಲು ಏಳುತ್ತ ಹೇಳಿದ: "ಕಲ್ಯಾಣದಲ್ಲಿ ತಂಗಿ ಮನೆ ಉಂಟು. ಊಟಕ್ಕೆ ಹೋದ್ರೆ ಬರ್ತೇನೆ. ಮಾತು ಕೊಡುದಿಲ್ಲ."

ಅವನು ಹೋದ ಮೇಲೆ ಗುಣಪಾಲ ಫೋಟೋವನ್ನು ನೋಡಿದ. ಗಾಳಿಯಲ್ಲಿ ತೇಲುತ್ತಿರುವ ಆ ಮನುಷ್ಯ ಇನ್ನೂ ನೆಲಕ್ಕೆ ಬಿದ್ದಿರಲಿಲ್ಲ. ಬಿದ್ದ ಕ್ಷಣವನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಮೈದಾನಕ್ಕೆ ಇಳಿಯದಿದ್ದರೆ, ಆಡುತ್ತಿದ್ದ ಗುಣಪಾಲ ಇವನೇ ಎಂದು ಯಾರು ಹೇಳುತ್ತಾರೆ? ಗೋಡೆಯ ಮೇಲಿನವರಿಗೆ ಬರೀ ಒಬ್ಬ ಹೊಟ್ಟೆ ಬಂದ ಮನುಷ್ಯ ಕಾಣುತ್ತಾನೆ. ಇಷ್ಟು ದಿನ ಅವನು ಹೆದರಿದ್ದು ಅದಕ್ಕೆ. ಆ ಹೆದರಿಕೆಯ ಕೂಲಿಯನ್ನು ಸಿದ್ರಾಮ ಕೊಡುತ್ತಿದ್ದ.

ಮರುದಿನ ಗುಣಪಾಲ ಚಪ್ಪಲಿ ಮೆಟ್ಟಿಕೊಂಡು ಮೈದಾನಕ್ಕೆ ಬಂದ. ಬೂಟು ತಂದರೆ ಕಾಲು ಕೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೈಯಲ್ಲಿ ಸುಣ್ಣದ ಬಕೆಟ್ಟು. ತಾನು ನಿಲ್ಲುತ್ತಿದ್ದ ಜಾಗಕ್ಕೆ ಹೋಗಿ ಸುತ್ತಲೂ ಸುಣ್ಣ ಸುರಿದು ಒಂದು ವೃತ್ತ ಎಳೆದ.

"ಈ ಗೆರೆಯೊಳಗೆ ಚೆಂಡು ಬಂದ್ರೆ ಎದುರು ಪಾರ್ಟಿಗೆ. ಯಾರೇ ಕೊಡಲಿ" ಎಂದು ಮುರುಕು ಮರಾಠಿಯಲ್ಲಿ ಹೇಳಿ, ಗೆರೆಯಾಚೆಗಿದ್ದ ಕಲ್ಲಿನ ರೋಲರಿನ ಮೇಲೆ ಹೋಗಿ ಕೂತ.

ಮೊದಲ ದಿನ ಆಟವೇ ಆಗಲಿಲ್ಲ. ಚೆಂಡು ಮತ್ತೆ ಮತ್ತೆ ಆ ವೃತ್ತಕ್ಕೇ ಹೋಗುತ್ತಿತ್ತು, ಹಟ್ಟಿಗೆ ಮರಳುವ ದನದ ಹಾಗೆ. ಹುಡುಗರು ತಲೆ ಚಚ್ಚಿಕೊಂಡರು. ಗೋಡೆಯ ಮೇಲಿನವರು, "ಏ ಉಸ್ತಾದ್, ಆಜ್ ಖೇಲೇಗಾ ನಹೀ ಕ್ಯಾ?" ಎಂದು ಕೂಗಿ ಕೂಗಿ ಬೇಜಾರಾಗಿ ಇಳಿದುಹೋದರು. ಗುಣಪಾಲನ ಬಲಗಾಲು ರೋಲರಿನ ಮೇಲೆ ತನ್ನಷ್ಟಕ್ಕೆ ಎಳೆಯುತ್ತಿತ್ತು. ಅದನ್ನು ಎಡಗಾಲಿನಿಂದ ಒತ್ತಿ ಹಿಡಿದು ಕೂತ. ಮಳೆ ವೃತ್ತವನ್ನು ತೊಳೆಯುತ್ತಿತ್ತು. ಅವನು ದಿನಾ ಬಂದು ಮತ್ತೆ ಎಳೆಯುತ್ತಿದ್ದ.

ಕೂತ ಮೇಲೆ ಕಾಣತೊಡಗಿತು. ನಡುವಿನಲ್ಲಿ ಆಡುವ ಹುಡುಗ ಪಾಸು ಕೊಡುವ ಮೊದಲು ಉಸಿರು ಹಿಡಿಯುತ್ತಾನೆ; ಎದುರಿನವನಿಗೆ ಅದು ತಿಳಿದುಬಿಡುತ್ತದೆ. ಸಿದ್ರಾಮ ಗುಣಪಾಲನ ತಿರುವನ್ನು ಮಾಡಹೋಗಿ ದಿನಾ ಎಡವುತ್ತಾನೆ. ಆದರೆ ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಬೇರೇನೋ ಮಾಡುತ್ತಾನೆ. ಗೋಲಿಗೆ ಬೆನ್ನು ಕೊಟ್ಟು ನಿಂತು, ಹಿಂದಿನಿಂದ ಮೈಮೇಲೆ ಬಿದ್ದವನ ಭಾರವನ್ನೆಲ್ಲ ಬೆನ್ನಿನ ಮೇಲೆ ತೆಗೆದುಕೊಂಡು, ಮೂಟೆ ಇಳಿಸುವವನು ಸರಕ್ಕನೆ ಮಗ್ಗುಲಾಗುವಂತೆ ಮಗ್ಗುಲಾಗುತ್ತಾನೆ. ಮೇಲೆ ಬಿದ್ದವನು ಅವನ ಪಕ್ಕದಿಂದ ಜಾರಿ ಕೆಸರಿಗೆ. ಚೆಂಡು ಇವನ ಕಾಲಲ್ಲಿ.

ಗುಣಪಾಲ ಕರೆದ. "ಈಗ ಮಾಡಿದ್ಯಲ್ಲ, ಅದೆಂತದು?"

ಸಿದ್ರಾಮ ಬೈಗುಳಕ್ಕೆ ಸಿದ್ಧನಾಗಿ ನಿಂತ. ರೈಲಿನಲ್ಲಿ ಮಾತಾದ ಮೇಲೆ ಇಬ್ಬರ ನಡುವೆ ಬೇರೆ ಮಾತು ನಡೆದಿರಲಿಲ್ಲ. "ಗೊತ್ತಿಲ್ರಿ. ತಪ್ಪಾಯ್ತೇನ್ರಿ?"

"ಹೇಗೆ ಮಾಡಿದ್ದು?"

"ಹೀಂಗ."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಸಿದ್ರಾಮನ ತುಟಿಯ ತುದಿ ಮೊದಲು ಅಲುಗಿತು. ಗುಣಪಾಲ ಜೋರಾಗಿ ನಕ್ಕುಬಿಟ್ಟ. "ಇನ್ನೊಮ್ಮೆ ಮಾಡು. ನನ್ನದು ಬಿಟ್ಟುಬಿಡು, ಅದು ನಿನ್ನ ಮೈಗೆ ಹೊಂದುದಿಲ್ಲ. ನಿನ್ನದೇ ಮಾಡು. ಭಾರ ಬಿದ್ದ ಮೇಲೆ ತಿರುಗಬೇಡ, ಬೀಳ್ತಾ ಇರುವಾಗಲೇ ತಿರುಗು. ನೀನು ಸ್ವಲ್ಪ ತಡ ಮಾಡ್ತಿ. ನಾನು ನೋಡ್ತೇನೆ."

ಕಲ್ಯಾಣದ ಪಂದ್ಯಕ್ಕೆ ಮಾಪಣ್ಣನ ಟೋಳಿಯೇ ಬಂದಿತ್ತು. ಮುಕಾದಮನೂ ಬಂದಿದ್ದ, ಆಳು ತನಗೆ ಸಿಗುತ್ತದೋ ಇಲ್ಲವೋ ಕಣ್ಣಾರೆ ನೋಡಿಹೋಗಲು. ವಸಂತಕುಮಾರ ಅರ್ಧ ಆಟ ಮುಗಿದ ಮೇಲೆ ಎಲೆಯಡಿಕೆ ಜಗಿಯುತ್ತ ಬಂದು ಗುಣಪಾಲನ ಪಕ್ಕ ನಿಂತ. ಎರಡೂ ಕಡೆ ಗೋಲಿಲ್ಲ. ಸಿದ್ರಾಮನ ಒಂದು ಹೊಡೆತ ಮೇಲೆ ಹಾರಿತ್ತು, ಒಂದು ಕಂಬಕ್ಕೆ ಬಡಿದಿತ್ತು. ಆದರೆ ಚೆಂಡು ಆ ಎಡಮೂಲೆಗೆ ಒಮ್ಮೆಯೂ ಹೋಗಿರಲಿಲ್ಲ. ವಸಂತಕುಮಾರ ಅದನ್ನು ಗಮನಿಸಿದ.

ಆಟ ಮುಗಿಯುತ್ತ ಬಂದಾಗ ಎದುರಿನವನೊಬ್ಬನ ಕಾಲಿಗೆ ತಾಗಿ ಚೆಂಡು ಗೆರೆ ದಾಟಿ ಗುಣಪಾಲನ ಕಾಲ ಬುಡಕ್ಕೇ ಉರುಳಿ ಬಂತು. ಜನದಲ್ಲಿ ಯಾರೋ ಹಳಬರು ಗುರುತು ಹಿಡಿದರು. "ಅರೆ, ಗುಣಪಾಲ! ಏ ಗುಣಪಾಲ, ದಿಖಾ ನಾ!" ಸಿಳ್ಳೆ ಎದ್ದಿತು. ಬಲಗಾಲು ಚೆಂಡಿನ ಕಡೆ ಹೊರಟೇಬಿಟ್ಟಿತು.

ಅವನು ತಲೆಯೆತ್ತಿ ನೋಡಿದ. ಒಳಗೆ ಸಿದ್ರಾಮ ಗೋಲಿಗೆ ಬೆನ್ನು ಹಾಕಿ ನಿಂತಿದ್ದ. ಅವನನ್ನು ಕಾಯುವವರು ಇನ್ನೂ ತಮ್ಮ ಜಾಗಕ್ಕೆ ಮರಳಿರಲಿಲ್ಲ. ಅದು ಒಂದು ಉಸಿರಿನ ಮಾತು. ಸಿಳ್ಳೆ ಮುಗಿಯುವಷ್ಟು ಹೊತ್ತು ಇರುವಂಥದ್ದಲ್ಲ.

ಗುಣಪಾಲ ಬಾಗಿ ಚೆಂಡನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ, ಓಡಿಬಂದ ಹುಡುಗನ ಎದೆಗೆ ತುರುಕಿದ. ಅವನು ಅದನ್ನು ತಲೆಯ ಮೇಲಿಂದ ಒಳಗೆ ಎಸೆದ. ಸಿದ್ರಾಮ ಚೆಂಡು ನಿಲ್ಲಿಸಿದ; ಹಿಂದಿನಿಂದ ಓಡಿಬಂದವನು ಅವನ ಬೆನ್ನಿಗೆ ಅಪ್ಪಳಿಸಿದ; ಅಪ್ಪಳಿಸುತ್ತಿರುವಾಗಲೇ ಸಿದ್ರಾಮ ಮಗ್ಗುಲಾದ. ಅಷ್ಟೇ. ಅವನು ಈ ಸಲ ಯಾರನ್ನೂ ಹುಡುಕಲಿಲ್ಲ.

ಬಲೆ ಅಲುಗಿದಾಗ ಮಾಪಣ್ಣನ ಟೋಳಿ ಗೋಣಿತಾಟುಗಳನ್ನು ಆಕಾಶಕ್ಕೆ ಎಸೆಯಿತು. ಮಾಪಣ್ಣನಿಗೆ ಏನಾಯಿತೆಂದು ಗೊತ್ತಾಗಲಿಲ್ಲ, ಪಕ್ಕದವರನ್ನು ಕೇಳುತ್ತಿದ್ದ. ಮುಕಾದಮ ಬೀಡಿ ಹಚ್ಚಿಕೊಂಡು ಹೊರಟ.

"ಆ ತಿರುವು ನೀನು ಕಲಿಸಿದ್ದಾ?" ವಸಂತಕುಮಾರ ಕೇಳಿದ.

"ಇಲ್ಲ. ನನಗೆ ಅದು ಬರುದಿಲ್ಲ."

ವಸಂತಕುಮಾರ ಅವನನ್ನು ಮೇಲಿಂದ ಕೆಳಗೆ ನೋಡಿ, ಎಲೆಯಡಿಕೆ ಉಗಿದು, "ಸೋಮವಾರ ಕಂಪನಿ ಗೇಟಿಗೆ ಬರ್ಲಿಕ್ಕೆ ಹೇಳು ಅವನಿಗೆ. ಬೂಟು ನಮ್ಮಲ್ಲೇ ಉಂಟು" ಎಂದ.

ಗುಣಪಾಲ ತಲೆಯಾಡಿಸಿದ. ಎರಡೂ ಅಂಗೈ ತುಂಬ ಕೆಸರು. ಇಷ್ಟು ವರ್ಷ ಆಡಿದವನಿಗೆ ಕೈಯ ಕೆಸರನ್ನು ಎಲ್ಲಿ ಒರೆಸಬೇಕು ಎಂಬುದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತ. ಆಮೇಲೆ ಇಸ್ತ್ರಿ ಮಾಡಿದ ಅಂಗಿಗೇ ಒರೆಸಿಕೊಂಡು, ನಡುವಿನ ಹುಡುಗ ಇನ್ನೂ ಉಸಿರು ಹಿಡಿದೇ ಪಾಸು ಕೊಡುತ್ತಿದ್ದಾನಲ್ಲ ಎಂದು ಹುಬ್ಬು ಗಂಟಿಕ್ಕಿ ಮೈದಾನದ ಕಡೆ ನೋಡತೊಡಗಿದ.